ಬೇಸಿಗೆಗೊಂದು ಗೋಧಿ ಏಲ್
ಆನ್‌ಸೈಟ್ ಅಂತ ಮಿಷಿಗನ್‌ನಲ್ಲಿದ್ದಾಗ ಒಂದು ವಿಚಿತ್ರ ನೋಡಿದೆ. ಮಾರ್ಚ್ ಕೊನೆ, ರಸ್ತೆ ಬದಿ ಹಿಮ ಇನ್ನೂ ಪೂರ್ತಿ ಕರಗಿಲ್ಲ. ಜನ ಮಾತ್ರ ಬೇಸಿಗೆ ಬಂದೇಬಿಡ್ತು ಅನ್ನೋ ಹಾಗೆ ಬಿಯರ್ ಗ್ಲಾಸಿಗೆ ಕಿತ್ತಳೆ ಹೋಳು ಸಿಕ್ಕಿಸ್ಕೊಂಡು ಕೂತಿದ್ರು! ಅದು ಬೆಲ್ಸ್ ಬ್ರೂವರಿಯ ಒಬೆರಾನ್. ಅಲ್ಲಿ ವಸಂತಕ್ಕೆ ಬಂದು ಬೇಸಿಗೆ ಜೊತೆ ಹೋಗೋ ಗೋಧಿ ಏಲ್. ಹೆಸರು ಷೇಕ್ಸ್‌ಪಿಯರ್ ನಾಟಕದ ಕಿನ್ನರರಾಜನದು.

ಗೋಧಿ ಯಾಕೆ ಅಂದ್ರೆ, ಅದರಲ್ಲಿ ಪ್ರೋಟೀನ್ ಜಾಸ್ತಿ. ಆ ಮಬ್ಬು ಬಣ್ಣ, ಬೇಗ ಇಳಿಯದ ನೊರೆ ಅದರಿಂದಲೇ. ಆದ್ರೆ ಗೋಧಿಗೆ ಹೊಟ್ಟಿಲ್ಲ. ಸೋಸುವಾಗ ಬಾರ್ಲಿಯ ಹೊಟ್ಟೇ ಜರಡಿ ಥರ ಕೆಲಸ ಮಾಡೋದ್ರಿಂದ ಬಾರ್ಲಿನೂ ಬೇಕು.

ಬವೇರಿಯಾದ ಗೋಧಿ ಬಿಯರ್‌ನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬರುತ್ತಲ್ಲ, ಅದು ಗೋಧಿಯದಲ್ಲ, ಅಲ್ಲಿನ ಯೀಸ್ಟ್‌ನದು. ಅಮೆರಿಕದವರು ಅಷ್ಟು ವಾಸನೆ ಬಿಡದ ಯೀಸ್ಟ್ ಹಾಕ್ತಾರೆ, ಹಾಗಾಗಿ ಹಾಪ್ಸ್‌ನ ಕಿತ್ತಳೆ-ನಿಂಬೆ ಘಮ ಎದ್ದು ಕಾಣುತ್ತೆ. ಪೋರ್ಟ್‌ಲ್ಯಾಂಡಿನ ವಿಡ್‌ಮರ್ ಬ್ರದರ್ಸ್ 1986ರಲ್ಲೇ ಈ ದಾರಿ ಹಿಡಿದಿದ್ರು.

ಫ್ರೀಜರ್‌ನಲ್ಲಿ ಇಡಬೇಡಿ, ತೀರಾ ತಣ್ಣಗಾದ್ರೆ ಘಮ ಗೊತ್ತಾಗಲ್ಲ. ಕಿತ್ತಳೆ ಹೋಳು ನನಗಂತೂ ಬೇಡ, ನೊರೆ ಇಳಿದುಹೋಗುತ್ತೆ.

ಕುಡಿಯೋಕೆ ಹಗುರ, ಆದ್ರೆ ಆಲ್ಕೋಹಾಲ್ 5.8%. ಬಿಸಿಲಿಗೆ ಬಾಯಾರಿಕೆ ಅಂತ ಎರಡನೇದೂ ಗೊತ್ತಾಗದೆ ಖಾಲಿಯಾಗುತ್ತೆ. ಅಲ್ಲಿ ಕುಡಿದು ಕಾರ್ ಓಡಿಸಿ ಸಿಕ್ಕಿಬಿದ್ರೆ ದಂಡ ಕಟ್ಟಿದ್ರೆ ಮುಗೀತು ಅಂತಲ್ಲ, ವೀಸಾನೇ ರದ್ದಾಗಬಹುದು. ನಾನು ಪಕ್ಕದಲ್ಲಿ ನೀರಿನ ಲೋಟ ಇಟ್ಕೊಂಡು ಒಂದೇ ಕುಡಿದು, ರೂಮ್‌ಮೇಟ್ ಕಾರಲ್ಲಿ ವಾಪಸ್ ಬರ್ತಿದ್ದೆ. ಅವನು ಕುಡಿಯಲ್ಲ, ಪುಣ್ಯಾತ್ಮ. ಅವನ ಫ್ರೆಂಚ್ ಫ್ರೈಸ್ ಬಿಲ್ ಮಾತ್ರ ಪ್ರತಿ ಸಲ ನಂದೇ.