ಕನೌಜಿನ ಅತ್ತರಿಗೆ ಬೇಕು ಗಂಧದೆಣ್ಣೆ

ಉತ್ತರ ಪ್ರದೇಶದ ಕನೌಜ್ ಪಟ್ಟಣದ ಹಳೆಯ ಅತ್ತರುಗಾರ ಉಷ್ಣಮಾಪಕ ಬಳಸುವುದಿಲ್ಲ. ಪಾತ್ರೆಯನ್ನು ಕೈಯಿಂದ ಮುಟ್ಟಿ, ಒಳಗಿನ ಕುದಿತಕ್ಕೆ ಕಿವಿಗೊಟ್ಟು ಉರಿಯ ಹದ ತಿಳಿಯುತ್ತಾನೆ.

ಡೇಗ್ ಎಂಬ ತಾಮ್ರದ ಹಂಡೆಗೆ ಗುಲಾಬಿ ಹೂವನ್ನೂ ನೀರನ್ನೂ ತುಂಬಿ, ಮುಚ್ಚಳದ ಸಂದಿಗೆ ಹತ್ತಿ ಬೆರೆಸಿದ ಜೇಡಿಮಣ್ಣು ಮೆತ್ತುತ್ತಾರೆ. ಕೆಳಗೆ ಸೌದೆ, ಬೆರಣಿಯ ಉರಿ. ಆವಿಯು ಬಿದಿರಿನ ಕೊಳವೆಯಲ್ಲಿ ಹಾದು, ನೀರಿನ ತೊಟ್ಟಿಯಲ್ಲಿಟ್ಟ ಭಪ್ಕಾ ಎಂಬ ಪಾತ್ರೆಗೆ ಇಳಿದು ತಂಪಾಗುತ್ತದೆ. ಭಪ್ಕಾದಲ್ಲಿ ಮೊದಲೇ ಸುರಿದಿಟ್ಟ ಶ್ರೀಗಂಧದ ಎಣ್ಣೆ ಹೂವಿನ ಪರಿಮಳವನ್ನು ಹೀರಿಕೊಳ್ಳುತ್ತದೆ. ಉರಿ ಜೋರಾದರೆ ಹೂ ಸೀದು ಎಲ್ಲವೂ ಹಾಳು. ಮರುದಿನ ನೀರು ಬಸಿದು, ಹೊಸ ಹೂ ಹಾಕಿ ಮತ್ತೆ ಒಲೆ ಹಚ್ಚಬೇಕು. ಹೀಗೆ ಹಲವು ದಿನ. ಬೆಂದ ಮಣ್ಣಿನಿಂದ ಮೊದಲ ಮಳೆಯ ವಾಸನೆ ಇಳಿಸುವ 'ಮಿಟ್ಟಿ ಅತ್ತರಿ'ಗೂ ಇದೇ ವಿಧಾನ!

ತೊಡಕಿರುವುದು ಆ ಎಣ್ಣೆಯಲ್ಲಿ. ಮೈಸೂರಿನಲ್ಲಿ 1916ರಲ್ಲೇ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. ಆದರೆ ಕಾಡಿನ ಗಂಧದ ಮರಗಳು ಸ್ಪೈಕ್ ರೋಗಕ್ಕೂ ಕಳ್ಳಸಾಗಣೆಗೂ ಬಲಿಯಾದವು. ಬೆಲೆ ಏರಿತು. ಕನೌಜಿನ ಅನೇಕರು ಅಗ್ಗದ ಪ್ಯಾರಾಫಿನ್ ದ್ರವದತ್ತ ಹೊರಳಿದರು. ಅದಕ್ಕೆ ತನ್ನದೇ ಪರಿಮಳವಿಲ್ಲ. ಗಂಧದೆಣ್ಣೆಯಂತೆ ಹೂವಿನ ಕಂಪಿಗೆ ಮೈ ತುಂಬುವ ಗುಣವೂ ಇಲ್ಲ. 2014ರಲ್ಲಿ ಕನೌಜಿನ ಸುಗಂಧಕ್ಕೆ ಭೌಗೋಳಿಕ ಸೂಚಿ ಮಾನ್ಯತೆಯೇನೋ ಸಿಕ್ಕಿತು, ಆದರೆ ಮಾನ್ಯತೆಯಿಂದ ಎಣ್ಣೆ ಹುಟ್ಟುವುದಿಲ್ಲವಲ್ಲ.

ಕರ್ನಾಟಕದಲ್ಲಿ 2001ರ ಕಾನೂನು ತಿದ್ದುಪಡಿಯ ಬಳಿಕ, ಜಮೀನಿನಲ್ಲಿ ಬೆಳೆದ ಗಂಧ ರೈತನದೇ ಸೊತ್ತು. ಮರದೊಳಗೆ ಎಣ್ಣೆಯ ಚೇಗು ಬಲಿಯಲು ಹದಿನೈದು, ಇಪ್ಪತ್ತು ವರ್ಷವಾದರೂ ಬೇಕು. ಆಗ ನೆಟ್ಟ ಸಸಿಗಳು ಈಗ ಆ ವಯಸ್ಸು ದಾಟಿವೆ.