ಹೋಯಾ ಬಳ್ಳಿ ಮತ್ತು ಕುಂಡದ ತಟ್ಟೆಯ ನೀರು

ತೋಟದ ತುಂಬ ತೆಂಗು ನಿಂತಿರುವಾಗ ಮನೆಯೊಳಗೊಂದು ಬಳ್ಳಿಯೇಕೆ ಎಂದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಿರಿಯರು ಕೇಳಿದರೆ ತಪ್ಪಲ್ಲ. ಆದರೆ ವಯಸ್ಸಾಗಿ ತೋಟಕ್ಕೆ ಹೋಗಲಾರದೆ ಪಡಸಾಲೆಯಲ್ಲೇ ಕುಳಿತವರಿಗೆ ನಿತ್ಯ ನೋಡಿಕೊಳ್ಳಲೊಂದು ಹಸಿರು ಜೀವವಿದ್ದರೆ ಮನಸ್ಸಿಗೆ ಹಿತ. ಅಂಥವರಿಗೆ ಹೋಯಾ ಒಳ್ಳೆಯ ಸಂಗಾತಿ. ದಪ್ಪನೆಯ ಎಲೆ, ಮೇಣದಲ್ಲಿ ಎರಕ ಹೊಯ್ದಂತಹ ನಕ್ಷತ್ರಾಕಾರದ ಹೂಗೊಂಚಲು, ಸಂಜೆಯಾದಂತೆ ಹೆಚ್ಚುವ ಪರಿಮಳ ಇದರ ಲಕ್ಷಣಗಳು. ಇಂಗ್ಲೆಂಡಿನ ತೋಟಗಾರ ಥಾಮಸ್ ಹೋಯ್ ಅವರ ಗೌರವಾರ್ಥ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1810ರಲ್ಲಿ ಈ ಕುಲಕ್ಕೆ ಹೆಸರಿಟ್ಟರು. ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಇದರ ಕಾಡುಜಾತಿಗಳಿವೆ.

ಕಾಡಿನಲ್ಲಿ ಹೋಯಾ ಸಾಮಾನ್ಯವಾಗಿ ಮರದ ತೊಗಟೆಯನ್ನು ಹಿಡಿದು ಬೆಳೆಯುತ್ತದೆ. ಮಳೆ ಬಂದಾಗ ಬೇರು ನೆನೆಯುತ್ತದೆ, ಗಾಳಿಗೆ ಬೇಗ ಆರುತ್ತದೆ. ಇದನ್ನು ತಿಳಿಯದೆ ನಾನು ಮೊದಲ ಬಳ್ಳಿಯನ್ನು ಕೆಮ್ಮಣ್ಣಿನಲ್ಲಿ ನೆಟ್ಟು, ಅಕ್ಕರೆಯಿಂದ ನಿತ್ಯವೂ ನೀರೆರೆದೆ. ಮೂರು ತಿಂಗಳಲ್ಲಿ ಬೇರು ಕೊಳೆಯಿತು. ಅಟ್ಟಕ್ಕೆ ಮಳೆನೀರು ಸೋರಿದರೆ ಕೊಬ್ಬರಿ ಏನಾಗುವುದೆಂದು ಬಲ್ಲ ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಬಳ್ಳಿಗೆ ಬೇಕಾದ ಆಸರೆ ನಮ್ಮ ಹಿತ್ತಿಲಲ್ಲೇ ಇದೆ. ಕಾಯಿ ಸುಲಿದು ಉಳಿದ ಮಟ್ಟೆಯನ್ನು ಅಂಗುಲದಷ್ಟು ತುಂಡು ಮಾಡಿ, ಮೂರು ನಾಲ್ಕು ದಿನ ನೀರಿನಲ್ಲಿ ನೆನೆಯಿಟ್ಟು, ದಿನವೂ ನೀರು ಬದಲಿಸಬೇಕು. ಮಟ್ಟೆಯಲ್ಲಿರುವ ಉಪ್ಪು ಮತ್ತು ಒಗರು ಹೀಗೆ ಹೊರಹೋಗುತ್ತವೆ. ಇದಕ್ಕೆ ಚಿಪ್ಪಿನ ಇದ್ದಿಲ ಚೂರು, ಸ್ವಲ್ಪ ಎರೆಗೊಬ್ಬರ ಬೆರೆಸಿ, ತಳದಲ್ಲಿ ರಂಧ್ರವಿರುವ ಚಿಕ್ಕ ಕುಂಡಕ್ಕೆ ತುಂಬಬೇಕು. ದೊಡ್ಡ ಕುಂಡದಲ್ಲಿ ತೇವ ಬೇಗ ಆರದು. ಪೂರ್ವದ ಕಿಟಕಿಯ ಎಳೆಬಿಸಿಲು ಸಾಕು. ಬೆರಳಿಟ್ಟು ನೋಡಿ ಒಣಗಿದ್ದರೆ ಮಾತ್ರ ನೀರು. ಮಳೆಗಾಲದಲ್ಲಿ ಇನ್ನೂ ವಿರಳವಾಗಿ.

ಆರೋಗ್ಯದ ದೃಷ್ಟಿಯಿಂದ ಮುಖ್ಯವಾದ ಎಚ್ಚರಿಕೆಯೊಂದಿದೆ. ನೆಲ ಕೊಳೆಯಾಗದಿರಲೆಂದು ಕುಂಡದ ಕೆಳಗಿಡುವ ತಟ್ಟೆಯಲ್ಲಿ ನೀರು ನಿಲ್ಲುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ನೀರೇ ಸಾಕು. ಅದು ಚರಂಡಿಗಿಂತ ಹೆಚ್ಚಾಗಿ ಮನೆಯ ಒಳಹೊರಗೆ ನಿಂತ ತಿಳಿನೀರನ್ನು ಅರಸುತ್ತದೆ, ಹಗಲಿನಲ್ಲಿ ಕಚ್ಚುತ್ತದೆ. ಮೊಟ್ಟೆ ಸೊಳ್ಳೆಯಾಗಲು ಬೇಸಗೆಯಲ್ಲಿ ಒಂದು ವಾರವೂ ಸಾಕಾದೀತು. ನೀರು ಚೆಲ್ಲಿದರಷ್ಟೇ ಸಾಲದು. ತಟ್ಟೆಯ ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಆದುದರಿಂದ ವಾರಕ್ಕೊಮ್ಮೆ ತಟ್ಟೆಯನ್ನು ನಾರಿನಿಂದ ಉಜ್ಜಿ ತೊಳೆದು ಒಣಗಿಸಬೇಕು. ಅಂಗಳದಲ್ಲಿ ಬಾಯಿ ಮೇಲಾಗಿ ಬಿದ್ದ ಚಿಪ್ಪುಗಳನ್ನೂ ಅದೇ ದಿನ ಮಗುಚಿ ಹಾಕುವುದು ಒಳಿತು.

ಇಂಥ ಗಿಡಗಳು ಮನೆಯ ಗಾಳಿಯನ್ನು ಶುದ್ಧಿ ಮಾಡುತ್ತವೆಂಬ ಮಾತನ್ನು ಪೂರ್ತಿ ನಂಬಬಾರದು. ಅಮೆರಿಕದ ನಾಸಾ ಸಂಸ್ಥೆಯ 1989ರ ಪರೀಕ್ಷೆ ನಡೆದದ್ದು ಮುಚ್ಚಿದ ಪೆಟ್ಟಿಗೆಗಳಲ್ಲಿ. ಒಲೆಯ ಹೊಗೆ ಹೋಗಬೇಕಾದರೆ ಕಿಟಕಿ ತೆರೆಯಬೇಕು, ಬಳ್ಳಿಯಿಂದ ಆಗುವ ಕೆಲಸವಲ್ಲ. ಹೋಯಾ ಎಕ್ಕ, ಕಣಗಿಲೆಗಳ ಕುಟುಂಬಕ್ಕೆ ಸೇರಿದ್ದು. ಕಣಗಿಲೆಯಂತೆ ವಿಷವಲ್ಲವಾದರೂ ಕತ್ತರಿಸಿದಾಗ ಒಸರುವ ಹಾಲು ಕೆಲವರ ಚರ್ಮಕ್ಕೆ ಆಗದು. ಆ ಕೈಯಿಂದ ಕಣ್ಣುಜ್ಜಿಕೊಳ್ಳದೆ ಸೋಪಿನಿಂದ ತೊಳೆದುಕೊಳ್ಳಬೇಕು.

ಹೃದಯಾಕಾರದ ಒಂದೇ ಎಲೆಯನ್ನು ಕುಂಡದಲ್ಲಿ ಊರಿ ಮಾರುವುದನ್ನು ಕಂಡಿರಬಹುದು. ಗೆಣ್ಣಿಲ್ಲದ ಆ ಎಲೆ ಬೇರು ಬಿಟ್ಟು ವರ್ಷಗಟ್ಟಲೆ ಹಸಿರಾಗಿದ್ದರೂ ಬಳ್ಳಿಯಾಗದು. ಹಣ ಕೊಡುವ ಮುನ್ನ ಕಾಂಡವಿದೆಯೇ ನೋಡಿರಿ. ಎರಡು ಗೆಣ್ಣಿರುವ ತುಂಡನ್ನು ನೆರೆಯವರಿಂದ ಪಡೆದು ನೆಟ್ಟರೂ ಹೂ ಕಾಣಲು ಎರಡು ಮೂರು ವರ್ಷ ಬೇಕಾದೀತು. ಪೂಜೆಗೆ ಹೂ ಬಿಡಿಸುವವರು ಹೂಗಳನ್ನಷ್ಟೇ ಬಿಡಿಸಿಕೊಂಡು ಗೊಂಚಲಿನ ತೊಟ್ಟನ್ನು ಬಳ್ಳಿಯಲ್ಲೇ ಉಳಿಸಬೇಕು. ಮುಂದಿನ ಮೊಗ್ಗು ಬರುವುದು ಅದೇ ತೊಟ್ಟಿನ ತುದಿಯಲ್ಲಿ.