ಹಾರಿಸಲು ಕಲಿಯುವವರಿಗೆ ದೊಡ್ಡ ವಿಮಾನವೇ ಲೇಸು

‘ಮೊದಲು ಚಿಕ್ಕದೊಂದು ಕೊಡಿಸೋಣ, ಕಲಿತ ಮೇಲೆ ದೊಡ್ಡದರ ಮಾತು.’ ರೇಡಿಯೊ ನಿಯಂತ್ರಣದ ಮಾದರಿ ವಿಮಾನ ಬೇಕೆಂದು ಮಗನೋ ಮಗಳೋ ಹಟ ಹಿಡಿದಾಗ ತಂದೆತಾಯಿಗೆ ಹೀಗನ್ನಿಸುವುದು ಸಹಜ. ಸೈಕಲ್ಲಿನ ಮಟ್ಟಿಗೆ ಇದು ಸರಿ. ವಿಮಾನದ ಮಟ್ಟಿಗೆ ಲೆಕ್ಕ ತಿರುವುಮುರುವು. ಪುಟ್ಟ ವಿಮಾನಕ್ಕೆ ಪಳಗಿದ ಕೈ ಬೇಕು. ಮೊದಲ ಭಾನುವಾರವೇ ಅದು ಮುರಿದು ಅಟ್ಟ ಸೇರಿದರೆ ಮಗುವಿನ ಹುಮ್ಮಸ್ಸೂ ಜೊತೆಗೇ ಅಟ್ಟ ಸೇರುತ್ತದೆ.

ಮೊದಲು ಕಣ್ಣಿನ ವಿಷಯ ನೋಡೋಣ. ಹುಣ್ಣಿಮೆಯ ಚಂದ್ರ ನಮಗೆ ಸುಮಾರು ಅರ್ಧ ಡಿಗ್ರಿ ಅಗಲ ಕಾಣುತ್ತಾನೆ. ರೆಕ್ಕೆಯ ತುದಿಯಿಂದ ತುದಿಗೆ 60 ಸೆಂ.ಮೀ. ಇರುವ ವಿಮಾನ 70 ಮೀಟರ್ ದೂರದಲ್ಲಿ ಅಷ್ಟೇ ಅಗಲ ಕಾಣುತ್ತದೆ. ರೆಕ್ಕೆ ಒಂದೂವರೆ ಮೀಟರ್ ಇದ್ದರೆ 170 ಮೀಟರ್ ದೂರದವರೆಗೂ ಆ ಅಗಲ ಉಳಿಯುತ್ತದೆ. ಚಂದ್ರನಷ್ಟು ಕಂಡರೆ ಸಾಲದೇ ಎಂದು ಕೇಳಬಹುದು. ಸಾಲದು. ವಿಮಾನ ನಮ್ಮತ್ತ ಬರುತ್ತಿದೆಯೋ ದೂರ ಹೋಗುತ್ತಿದೆಯೋ, ಯಾವ ರೆಕ್ಕೆ ವಾಲಿದೆ ಎಂಬುದೂ ತಿಳಿಯಬೇಕು. ನಮ್ಮತ್ತ ಬರುವಾಗ ಅದರ ಎಡಬಲ ನಮಗೆ ಅದಲುಬದಲು. ರೆಕ್ಕೆಯ ದಪ್ಪ ಕೆಲವೇ ಸೆಂ.ಮೀ. ಆದ್ದರಿಂದ ಎದುರಿನಿಂದ ಬರೀ ಗೆರೆಯಂತೆ ಕಾಣುತ್ತದೆ. ಎರಡು ಸೆಕೆಂಡು ಗಲಿಬಿಲಿಗೊಂಡರೆ ವಿಮಾನ 20 ಮೀಟರ್ ಸಾಗಿರುತ್ತದೆ. ಬಣ್ಣವನ್ನು ನಂಬುವಂತಿಲ್ಲ, ಪ್ರಖರ ಆಕಾಶದ ಎದುರು ಕೆಂಪು, ಹಳದಿ ಎಲ್ಲವೂ ಕಪ್ಪೇ.

ಇನ್ನು ನೆಲಕ್ಕಿಳಿಸುವುದು. ಕಲಿಯುವವರ ಕೈಯಲ್ಲಿ ವಿಮಾನ ಮುರಿಯುವುದು ಹೆಚ್ಚಾಗಿ ಇಲ್ಲೇ. ಪ್ರತಿ ವಿಮಾನಕ್ಕೂ ಒಂದು ಕನಿಷ್ಠ ವೇಗವಿದೆ. ಅದಕ್ಕಿಂತ ನಿಧಾನವಾದರೆ ರೆಕ್ಕೆ ಭಾರ ಹೊರಲಾರದೆ ವಿಮಾನ ಕುಸಿಯುತ್ತದೆ, ಇದೇ ಸ್ಟಾಲ್. ರೆಕ್ಕೆಯ ಪ್ರತಿ ಚದರ ಡೆಸಿಮೀಟರಿಗೆ ಎಷ್ಟು ಗ್ರಾಂ ಹೊರೆ ಎಂಬುದೇ ಈ ವೇಗವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಹೊರೆ 40 ಗ್ರಾಂ ಇದ್ದರೆ ವೇಗ ಸೆಕೆಂಡಿಗೆ ಏಳೂವರೆ ಮೀಟರ್ ಆಸುಪಾಸು. ಚಿಕ್ಕದಕ್ಕೂ ದೊಡ್ಡದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಆ ಒಂದು ಸೆಕೆಂಡಿನಲ್ಲಿ ದೊಡ್ಡದು ತನ್ನ ರೆಕ್ಕೆಯುದ್ದದ ಐದರಷ್ಟು ಸಾಗಿದರೆ ಚಿಕ್ಕದು ಹನ್ನೆರಡೂವರೆಯಷ್ಟು ಸಾಗುತ್ತದೆ. ದೊಡ್ಡದು ತೇಲಿ ಬಂದಂತೆಯೂ ಚಿಕ್ಕದು ನುಗ್ಗಿ ಬಂದಂತೆಯೂ ಕಾಣುವುದು ಇದರಿಂದಲೇ. ಗಾಳಿ ರಪ್ಪನೆ ಬೀಸಿದಾಗಲೂ ದೊಡ್ಡದು ಅಷ್ಟು ಬೇಗ ಮಗುಚುವುದಿಲ್ಲ. ಹುಲ್ಲು, ಹರಳುಗಲ್ಲಿನ ಮೈದಾನದಲ್ಲಿ ಅದರ ದೊಡ್ಡ ಚಕ್ರ ಉರುಳುತ್ತದೆ. ಪುಟ್ಟ ಚಕ್ರ ಸಿಕ್ಕಿಕೊಂಡು ಮೂಗು ನೆಲ ಮುಟ್ಟುತ್ತದೆ.

ಹಾಗೆಂದು ದೊಡ್ಡದೆಲ್ಲ ಸುಲಭವಲ್ಲ. ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಲಿ: ಅದೇ ಸಾಮಗ್ರಿಯಲ್ಲಿ ಪ್ರತಿ ಅಳತೆಯನ್ನೂ ಇಮ್ಮಡಿ ಮಾಡಿದರೆ ತೂಕ ಎಂಟು ಪಟ್ಟು, ರೆಕ್ಕೆಯ ವಿಸ್ತೀರ್ಣ ನಾಲ್ಕೇ ಪಟ್ಟು. ಹೊರೆ ಇಮ್ಮಡಿಯಾಗಿ ಇಳಿಯುವ ವೇಗವೂ ಏರುತ್ತದೆ. ಆದ್ದರಿಂದ ದೊಡ್ಡದಾಗಿದ್ದೂ ಹಗುರವಾಗಿರಬೇಕು. ಮಕ್ಕಳು ಆಸೆಪಡುವ ಯುದ್ಧವಿಮಾನದ ಮಾದರಿ ಸದ್ಯಕ್ಕೆ ಬೇಡ. ರೆಕ್ಕೆ ಒಡಲಿನ ಮೇಲ್ಗಡೆ ಕೂತು, ಅದರ ತುದಿಗಳು ತುಸು ಮೇಲೆದ್ದಿರುವ ‘ಟ್ರೈನರ್’ ಬೇಕು. ವಾಲಿದರೂ ತಾನಾಗಿ ನೆಟ್ಟಗಾಗುವ ಗುಣ ಅದಕ್ಕಿದೆ. ಕಲಿಯುವವರಿಗೆಂದೇ ರೂಪಿಸಿದ ‘ಕ್ಯಾಡೆಟ್ ಎಲ್‌ಟಿ-40’ರ ರೆಕ್ಕೆ 70 ಅಂಗುಲ. ಅಷ್ಟೇ ಬೇಕೆಂದಿಲ್ಲ, ಒಂದೂವರೆ ಮೀಟರ್, ಒಂದೂವರೆ ಕಿಲೊ ಧಾರಾಳ ಸಾಕು.

ಪೋಷಕರಿಗೊಂದು ಎಚ್ಚರಿಕೆ. ಒಂದೂವರೆ ಕಿಲೊ ವಿಮಾನ ಗಂಟೆಗೆ 40 ಕಿ.ಮೀ. ವೇಗದಲ್ಲಿ ಬಡಿದರೆ ಅದರ ಶಕ್ತಿ ಸುಮಾರು 120 ಕಿ.ಮೀ. ವೇಗದ ಕ್ರಿಕೆಟ್ ಚೆಂಡಿನಷ್ಟು. ಬೇರೆ ಮಕ್ಕಳು ಆಡುವ ಮೈದಾನ ಇದಕ್ಕೆ ಸಲ್ಲ. ಮೊದಲ ಕೆಲವು ದಿನ ಬಲ್ಲವರು ಪಕ್ಕದಲ್ಲಿರಲಿ. 2021ರ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿವೆ. ನಿಮ್ಮ ಮೈದಾನ ಯಾವುದರಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ.

ಇಷ್ಟುದ್ದದ ರೆಕ್ಕೆಯನ್ನು ಸ್ಕೂಟರಿನಲ್ಲಿ ಒಯ್ಯುವುದು ಹೇಗೆ? ಬಿಚ್ಚಿಡಲು ಬರುವ ರೆಕ್ಕೆಯನ್ನೇ ಆರಿಸಿ. ರಬ್ಬರ್ ಬ್ಯಾಂಡಿನಿಂದ ಕಟ್ಟುವ ರೆಕ್ಕೆ ನೋಡಲು ಅಷ್ಟು ಚೆನ್ನಾಗಿರುವುದಿಲ್ಲ, ನಿಜ. ಆದರೆ ನೆಲಕ್ಕೆ ತಾಗಿದಾಗ ಅದು ಮುರಿಯುವ ಬದಲು ಕಳಚಿಕೊಳ್ಳುವುದೇ ಹೆಚ್ಚು. ಹೊಸ ಬ್ಯಾಂಡು ಬಿಗಿದು ಅಂದೇ ಮತ್ತೆ ಹಾರಿಸಬಹುದು.